ಬಿಪಿ ಶಿಬಿರಕ್ಕೆ ಕ್ಯೂ, ಮನಸ್ಸಿನ ಶಿಬಿರಕ್ಕೆ ಖಾಲಿ ಕುರ್ಚಿ: ಹಿರಿಯರಿಗೆ ಮುಟ್ಟಿಸೋದು ಹೇಗೆ?

ಸಂಘದ ಕಾರ್ಯದರ್ಶಿ, ಪದ್ಮನಾಭನಗರ
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಹಿರಿಯ ನಾಗರಿಕರ ಸಂಘದ ಕೆಲಸ ನೋಡ್ಕೋತೀನಿ. ಅಕ್ಟೋಬರ್ 1 ವಿಶ್ವ ಹಿರಿಯರ ದಿನ, ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಇವೆರಡರ ಮಧ್ಯೆ ಒಂದು ಭಾನುವಾರ ಕಾರ್ಯಕ್ರಮ ಇಡೋಣ ಅಂತ ಸಮಿತಿಯಲ್ಲಿ ತೀರ್ಮಾನ ಆಗಿದೆ. ಹೋದ ವರ್ಷವೂ ಇಟ್ಟಿದ್ವಿ. ಒಳ್ಳೆ ತಜ್ಞರನ್ನೇ ಕರೆಸಿದ್ವಿ, ಬ್ಯಾನರ್ ಕಟ್ಟಿದ್ವಿ, ಪಾರ್ಕಿನಲ್ಲಿ ಕರಪತ್ರ ಹಂಚಿದ್ವಿ. ಬಂದವರು ಅಂದ್ರೆ ಸಮಿತಿಯವರು, ಅವರ ಮನೆಯವರು, ಆಮೇಲೆ ಕಾಫಿ ಹೊತ್ತಿಗೆ ಸರಿಯಾಗಿ ಬಂದ ಕೆಲವರು. ಇದೇ ಸಭಾಂಗಣದಲ್ಲಿ ಬಿಪಿ-ಶುಗರ್ ಶಿಬಿರ ಅಂದ್ರೆ ಕ್ಯೂ ಗೇಟಿನ ಆಚೆಗೆ ನಿಲ್ಲುತ್ತೆ.

ಮನೆಮನೆಯಲ್ಲಿ ಸಮಸ್ಯೆ ಇದೆ ಅಂತ ಗೊತ್ತು. ಸಂಘದ ಚಂದಾಕ್ಕೆ ಹೋದಾಗ ಬಾಗಿಲಲ್ಲೇ ಕಣ್ಣೀರು ಹಾಕ್ಕೊಂಡವರಿದಾರೆ. ಅವರು ಯಾರೂ ಆ ದಿನ ಬರಲಿಲ್ಲ. ಏನು ಮಾಡಿದ್ರೆ ಬರ್ತಾರೆ? ಭಾಷಣ ಬೇಡ, ಮಾಡೋಕಾಗೋ ಕೆಲಸ ಹೇಳಿ.

ಕಡ್ಲೆಪುರಿ
ಕಾರ್ಯದರ್ಶಿಗಳೇ, ಬ್ಯಾನರ್ ಬಿಚ್ಚಿ. ಅರ್ಧ ಕೆಲಸ ಆಯ್ತು.

"ವೃದ್ಧರ ಮಾನಸಿಕ ಆರೋಗ್ಯ" ಅಂತ ದೊಡ್ಡಕ್ಷರದ ಕೆಳಗೆ ಯಾರು ಸಾರ್ ಬಂದು ಕೂತ್ಕೋತಾರೆ? ಎದುರು ಮನೆಯವರು ನೋಡ್ತಿರ್ತಾರೆ. ಬೆಂಗಳೂರಲ್ಲಿ ಹುಟ್ಟಿ ಬೆಳೆದ ಯಾರನ್ನೇ ಕೇಳಿ, "ನಿಮ್ಹಾನ್ಸ್‌ಗೆ ಸೇರಿಸ್ಬೇಕು ನಿನ್ನ" ಅನ್ನೋದು ಶಾಲೆಯಲ್ಲೇ ಕಲಿತ ಬೈಗುಳ. ನಮ್ಮಮ್ಮನ ಗೆಳತಿ ಒಬ್ಬರು ಅಲ್ಲಿಗೇ ಹೋಗಿ ಔಷಧ ತಗೊಂಡು ಎಷ್ಟೋ ಸುಧಾರಿಸಿದಾರೆ. ಈಗಲೂ ಪಕ್ಕದ ಮನೆಯವರಿಗೆ ಲಾಲ್‌ಬಾಗಿಗೆ ಹೋಗ್ತೀನಿ ಅಂತಲೇ ಹೇಳೋದು. ಬರುವಾಗ ಗುರುತಿಗೆ ಸೀಬೆಹಣ್ಣು ತಗೊಂಡು ಬರ್ತಾರೆ.

"ನಿದ್ದೆ ಬರ್ತಿಲ್ವಾ?" ಅಂತ ಹಾಕಿ. "ಹೊಟ್ಟೆ ಸರಿಯಿಲ್ವಾ, ಮರೆವಾ, ತಲೆಸುತ್ತಾ?" ಅಂತ ಹಾಕಿ. ಕುರ್ಚಿ ಸಾಲಲ್ಲ.

ಹನುಮಂತನಗರದ ಡಾಕ್ಟರ್
ಕಡ್ಲೆಪುರಿ ಅವರು ತಮಾಷೆಗೆ ಹೇಳಿರಬಹುದು, ಆದರೆ ವೈದ್ಯಕೀಯವಾಗಿ ಅದೇ ಸರಿ. ನಾನು ಮನೋವೈದ್ಯನಲ್ಲ, ಬೀದಿ ಬದಿಯ ಫ್ಯಾಮಿಲಿ ಡಾಕ್ಟರ್. "ಡಾಕ್ಟ್ರೇ, ನನಗೆ ಬೇಜಾರು" ಅಂತ ಹೇಳಿಕೊಂಡು ಬರುವ ಎಪ್ಪತ್ತು ದಾಟಿದವರು ನನ್ನ ಕ್ಲಿನಿಕ್ಕಿನಲ್ಲಿ ಬಹಳ ಅಪರೂಪ. ಬರುವುದು ಹೊಟ್ಟೆ ಉಬ್ಬರ, ಎದೆ ಉರಿ, ಮೈಯೆಲ್ಲ ನೋವು, ಕಾಲುರಿ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ನಾಲಿಗೆಗೆ ರುಚಿಯಿಲ್ಲ, "ಏನೋ ಒಂಥರಾ ನಿಶ್ಶಕ್ತಿ". ಎಂಡೋಸ್ಕೋಪಿ ಆಗಿರುತ್ತದೆ, ಇಸಿಜಿ ಆಗಿರುತ್ತದೆ, ಮಂಡಿಯ ಎಕ್ಸ್‌ರೇ ಆಗಿರುತ್ತದೆ. ಫೈಲು ದಪ್ಪ, ಫಲಿತಾಂಶ ಎಲ್ಲ ನಾರ್ಮಲ್. ಆಮೇಲೆ ಮಗ ಹೇಳುತ್ತಾನೆ: "ಏನೂ ಇಲ್ಲ ಡಾಕ್ಟ್ರೇ, ಸುಮ್ನೆ ಗೋಳಾಡ್ತಾರೆ."

2017-18ರಲ್ಲಿ ದೇಶದಾದ್ಯಂತ 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ, ವಯಸ್ಸಾಗುವುದರ ಬಗೆಗಿನ ಲಾಸಿ ಎಂಬ ಸಮೀಕ್ಷೆ ನಡೆಯಿತು. ಅದರಲ್ಲಿ 60 ದಾಟಿದವರಲ್ಲಿ ತೀವ್ರ ಖಿನ್ನತೆಯ ಲಕ್ಷಣ ಕಂಡದ್ದು ಶೇ 8.3ರಷ್ಟು ಜನರಲ್ಲಿ. "ನನಗೆ ಖಿನ್ನತೆ ಇದೆಯೆಂದು ವೈದ್ಯರು ಹೇಳಿದ್ದಾರೆ" ಅಂದವರು ಶೇ 0.8 ಮಾತ್ರ. ಹತ್ತರಲ್ಲಿ ಒಂಬತ್ತು ಜನಕ್ಕೆ ಕಾಯಿಲೆಯ ಹೆಸರೇ ಯಾರೂ ಹೇಳಿಲ್ಲ. ನಾವು, ಅಂದರೆ ನನ್ನಂಥ ವೈದ್ಯರೂ, ಅದರಲ್ಲಿ ಸೇರಿದ್ದೇವೆ. ಸಂಜೆ ಓಪಿಡಿಯಲ್ಲಿ ಒಬ್ಬರಿಗೆ ಐದು ನಿಮಿಷ ಸಿಕ್ಕರೆ ಹೆಚ್ಚು.

ಹಾಗಾಗಿ "ದುಃಖವಾಗುತ್ತದೆಯೇ" ಎಂದು ನಾನು ಕೇಳುವುದಿಲ್ಲ. ಏನನ್ನು ಬಿಟ್ಟಿದ್ದಾರೆ ಎಂದು ಕೇಳುತ್ತೇನೆ. ಪೇಪರ್ ಓದುವುದು ಬಿಟ್ಟರೆ? ದಿನಾ ಗಡ್ಡ ಕೆರೆಯುತ್ತಿದ್ದವರು ವಾರಕ್ಕೊಮ್ಮೆ ಆದರೆ? ಸೊಸೆಯ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ದಿನಾ ಜಗಳ ಆಡುತ್ತಿದ್ದ ಅತ್ತೆ ಈಗ ಏನು ಹಾಕಿದರೂ ಸುಮ್ಮನೆ ಉಣ್ಣುತ್ತಿದ್ದಾರೆಯೇ? ಮನೆಯವರು ಅದನ್ನು "ಈಗ ತಣ್ಣಗಾಗಿದಾರೆ" ಎಂದು ಸಂತೋಷವಾಗಿ ಹೇಳುತ್ತಾರೆ. ನನಗೆ ಅಲ್ಲೇ ಅನುಮಾನ ಹುಟ್ಟುವುದು.

ಒಂದು ಎಚ್ಚರಿಕೆ ಕೂಡ ಹೇಳಿಬಿಡುತ್ತೇನೆ. ಎಲ್ಲವನ್ನೂ ಮನಸ್ಸಿಗೆ ಹಚ್ಚಬೇಡಿ. ಥೈರಾಯ್ಡ್ ಕಡಿಮೆಯಾದರೆ, ಬಿ12 ಕಡಿಮೆಯಾದರೆ ಹೀಗೇ ಮಂಕಾಗುತ್ತಾರೆ. ರಕ್ತ ಪರೀಕ್ಷೆ ಮೊದಲು. ಇನ್ನು ನಿನ್ನೆವರೆಗೆ ಸರಿಯಿದ್ದವರು ಇವತ್ತು ದಿಢೀರನೆ ಗೊಂದಲಗೊಂಡು, ಇಲ್ಲದವರನ್ನು ಕರೆಯುತ್ತಾ, ಹಗಲೆಲ್ಲ ತೂಕಡಿಸಿ ರಾತ್ರಿ ಎದ್ದು ಓಡಾಡಿದರೆ ಅದು ಅರಳು ಮರಳೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಮೂತ್ರದ ಸೋಂಕು, ಸೋಡಿಯಂ ಇಳಿಯುವುದು, ನ್ಯುಮೋನಿಯಾ, ಹೊಸ ಮಾತ್ರೆ, ಇಂಥದ್ದೇನೋ ಇರುತ್ತದೆ. ಅದಕ್ಕೆ ಡೆಲಿರಿಯಂ ಎನ್ನುತ್ತೇವೆ. ಅವತ್ತೇ ಆಸ್ಪತ್ರೆ. ನಾಳೆ ಎನ್ನಬೇಡಿ.

ನಿವೃತ್ತ ಮೇಷ್ಟ್ರು
ವಯಸ್ಸು ಎಪ್ಪತ್ತನಾಲ್ಕು. ಚರ್ಚೆಯ ವಸ್ತುವಿನ ಪರವಾಗಿ ಒಬ್ಬನಾದರೂ ಮಾತಾಡಲಿ ಎಂದು ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಹೋದ ಮೇಲೆ ನಾನು ಮಾತು ಕಡಿಮೆ ಮಾಡಿದೆ. ಅದು ರೋಗವೇ? ಮಗಳು ಯಾವುದೋ ಆ್ಯಪಿನಲ್ಲಿ ಪ್ರಶ್ನೆ ಕೇಳಿ "ಅಪ್ಪ, ನಿನಗೆ ಇಷ್ಟು ಅಂಕ ಬಂದಿದೆ" ಎಂದಳು. ಮೂವತ್ತೈದು ವರ್ಷ ನಾನು ಅಂಕ ಕೊಟ್ಟವನು, ಕೊನೆಗೆ ನನಗೇ ಅಂಕ! ದುಃಖ ಪಡುವುದಕ್ಕೂ ನಿಮ್ಮ ಅನುಮತಿ ಬೇಕೆ?

ನಮಗೆ ಬೇಕಾದದ್ದು ಬೇರೆ. ಮನೆಯಿಂದ ಪಾರ್ಕಿಗೆ ಐದು ನಿಮಿಷದ ದಾರಿ. ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಬೈಕು, ಅದು ದಾಟಿದರೆ ಎದ್ದಿರುವ ಕಲ್ಲುಚಪ್ಪಡಿ. ಪಾರ್ಕಿನಲ್ಲಿ ಶೌಚಾಲಯ ಇದೆ, ಬೀಗ ಹಾಕಿದೆ. ನನ್ನ ಜೊತೆಯವರು ಒಬ್ಬೊಬ್ಬರಾಗಿ ಮನೆಯೊಳಗೆ ಉಳಿದದ್ದು ಖಿನ್ನತೆಯಿಂದಲ್ಲ, ಬೀಳುವ ಭಯದಿಂದ ಮತ್ತು ಮೂತ್ರದ ಆತುರದಿಂದ. ಇದರ ಬಗ್ಗೆ ಯಾವ ತಜ್ಞರೂ ಉಪನ್ಯಾಸ ಕೊಡುವುದಿಲ್ಲ.

ಕಡ್ಲೆಪುರಿ
ಮೇಷ್ಟ್ರೇ, ನಿಮಗೆ ಡಿಸ್ಟಿಂಕ್ಷನ್.

ಸಮಾಜ ಕಾರ್ಯ, ವಿಲ್ಸನ್ ಗಾರ್ಡನ್
ಮೇಷ್ಟ್ರು ಹೇಳಿದ್ದನ್ನ ನಾನು ತಳ್ಳಿ ಹಾಕೋದಿಲ್ಲ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಮನೆ ಭೇಟಿಗೆ ಹೋಗ್ತೀನಿ, ಆ ಬೀಗ ಹಾಕಿದ ಶೌಚಾಲಯದ ಕಥೆ ಎಷ್ಟು ಸಲ ಕೇಳಿದೀನೋ. ಮಂಡಿ ನೋವಿಗೆ ಹೊರಗೆ ಹೋಗೋದು ನಿಲ್ಲುತ್ತೆ. ಹೊರಗೆ ಹೋಗದೆ ಮಾತು ನಿಲ್ಲುತ್ತೆ, ಮಾತು ನಿಂತ ಮೇಲೆ ಹಸಿವು, ಆಮೇಲೆ ನಿದ್ದೆ. ಎಲ್ಲಿಂದ ಶುರುವಾಯ್ತು ಅಂತ ಹಿಂದಕ್ಕೆ ನೋಡ್ತಾ ಹೋದ್ರೆ ಒಂದು ಕಲ್ಲುಚಪ್ಪಡಿ ಸಿಗುತ್ತೆ.

ಆದ್ರೆ ಸಾರ್, ಮೊದಲನೇ ಪ್ರಶ್ನೆಗೆ ಉತ್ತರ ಇದೆ. ಸಂಗಾತಿ ಹೋದ ದುಃಖ ರೋಗ ಅಲ್ಲ. ಅದು ಅಲೆ ಬಂದ ಹಾಗೆ ಬಂದು ಹೋಗುತ್ತೆ. ಮಧ್ಯೆ ಮೊಮ್ಮಗು ಏನೋ ಹೇಳಿದ್ರೆ ನಗು ಬರುತ್ತೆ, ಹಳೇ ಗೆಳೆಯ ಫೋನ್ ಮಾಡಿದ್ರೆ ಮಾತು ಬರುತ್ತೆ. ಖಿನ್ನತೆಯಲ್ಲಿ ಎರಡು ವಾರಕ್ಕೂ ಮೀರಿ, ಹೆಚ್ಚುಕಡಿಮೆ ದಿನವಿಡೀ, ಯಾವುದೂ ಹತ್ತೋದಿಲ್ಲ. "ಅವಳಿಲ್ಲ" ಅನ್ನೋ ಮಾತು ಹೋಗಿ "ನಾನು ಯಾತಕ್ಕೂ ಬೇಡದವನು, ನನ್ನಿಂದ್ಲೇ ಎಲ್ಲ ಹಾಳಾಯ್ತು" ಅನ್ನೋ ಮಾತು ಬರುತ್ತೆ. ನೀವು ಇಷ್ಟು ಚೆನ್ನಾಗಿ ಸಿಟ್ಟು ಮಾಡ್ಕೋತಾ ಇದೀರಿ ಅಂದ್ರೆ ನನಗೆ ಸಮಾಧಾನವೇ.

ನಿವೃತ್ತ ಮೇಷ್ಟ್ರು
ಸಿಟ್ಟು ಇನ್ನೂ ಇದೆ. ಆದರೆ ಉತ್ತರ ಒಪ್ಪಿದೆ.

ವಿಜಯನಗರದ ಸೊಸೆ
ಇಷ್ಟು ಹೊತ್ತು ಸುಮ್ನೆ ಓದ್ತಾ ಇದ್ದೆ. ನನ್ನ ಮಾತು ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ನಮ್ಮ ಮನೆಯಲ್ಲಿ ಶುರುವಾಗಿದ್ದು ಬಳೆಯಿಂದ. ಅತ್ತೆಯ ಎರಡು ಚಿನ್ನದ ಬಳೆ ಕಾಣಿಸ್ತಿಲ್ಲ ಅಂತ ರಾದ್ಧಾಂತ. ಕೆಲಸದವಳ ಮೇಲೆ ಅನುಮಾನ, ಅವಳು ಅತ್ತುಕೊಂಡು ಕೆಲಸ ಬಿಟ್ಟಳು. ಬಳೆ ಅಕ್ಕಿ ಡಬ್ಬದಲ್ಲಿ ಸಿಕ್ತು. ಆಮೇಲೆ ಪಾಸ್‌ಬುಕ್ಕು, ಆಮೇಲೆ ರೇಷ್ಮೆ ಸೀರೆ. ಹೊಸ ಕೆಲಸದವಳು ಇಲ್ಲದಿದ್ದಾಗ ಕಳ್ಳಿ ನಾನೇ. ಮಧ್ಯಾಹ್ನ ಊಟ ಮಾಡಿ, ಕೈ ತೊಳೆದು, ಪಕ್ಕದ ಮನೆ ಕಾಂಪೌಂಡ್ ಹತ್ತಿರ ನಿಂತು "ನನಗೆ ಊಟಾನೇ ಹಾಕಲ್ಲ ಇವಳು" ಅಂತಿದ್ರು. ಅಕ್ಕಪಕ್ಕದವರು ನಂಬಿದ್ರು. ನನ್ನ ಗಂಡನೂ ಒಂದೆರಡು ಸಲ ನನ್ನನ್ನ ಪ್ರಶ್ನೆ ಮಾಡಿದ್ರು.

ನಾದಿನಿ ಮೈಸೂರಿಂದ ಬಂದ್ರೆ ಮಾತ್ರ ಅತ್ತೆ ಎಲ್ಲ ಸರಿ. ಕೇಸರಿಬಾತಿನ ಹದ ಹೇಳ್ತಾರೆ, ಹಳೇ ಮದುವೆ ಕಥೆ ಹೇಳ್ತಾರೆ. "ಅಮ್ಮ ಚೆನ್ನಾಗೇ ಇದಾರಲ್ಲ ಅತ್ತಿಗೆ, ನೀವು ಸುಮ್ನೆ ದೊಡ್ಡದು ಮಾಡ್ತೀರಿ" ಅಂತ ಹೇಳಿ ಅವಳು ಬಸ್ ಹತ್ತೋಳು. ಕೊನೆಗೆ ಮೆಮೊರಿ ಕ್ಲಿನಿಕ್‌ನಲ್ಲಿ ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆ ಅಂತ ಹೇಳಿದ ದಿನ ನಾನು ಅತ್ತುಬಿಟ್ಟೆ, ಅದು ದುಃಖಕ್ಕಲ್ಲ, ಇನ್ನು ನಾನು ಕಳ್ಳಿಯಲ್ಲ ಅನ್ನೋ ನಿರಾಳಕ್ಕೆ. ಹೊಸದಾಗಿ ಕೇಳಿದ್ದು ತಲೇಲಿ ನಿಲ್ಲೋಲ್ಲ, ಹಳೇದು ಉಳಿದಿರುತ್ತೆ, ಅದಕ್ಕೇ ಎರಡು ದಿನ ಬಂದು ಹೋಗೋರಿಗೆ ಗೊತ್ತಾಗಲ್ಲ ಅಂತ ಅಲ್ಲಿ ವಿವರಿಸಿದ್ರು. ವಸ್ತು ಎಲ್ಲಿಟ್ಟೆ ಅನ್ನೋದು ಮರೆತಾಗ "ಯಾರೋ ತಗೊಂಡ್ರು" ಅಂತ ಮನಸ್ಸು ಕಥೆ ಕಟ್ಟುತ್ತಂತೆ.

ನಿಮ್ಮ ಕಾರ್ಯಕ್ರಮಕ್ಕೆ ಅತ್ತೆಯರನ್ನ ಕರೀಬೇಡಿ. ನಮ್ಮನ್ನ ಕರೀರಿ, ನಾದಿನಿಯರನ್ನ ಕರೀರಿ, ಪಕ್ಕದ ಮನೆಯವರನ್ನ ಕರೀರಿ. ನಾವೂ ಕುಸಿದಿದೀವಿ ಅನ್ನೋದನ್ನೂ ಯಾರಾದ್ರೂ ಒಂದು ಸಾಲು ಹೇಳಲಿ.

ಹನುಮಂತನಗರದ ಡಾಕ್ಟರ್
ಈ ಒಂದು ಬರಹ ಓದಿದರೆ ಉಪನ್ಯಾಸ ಬೇಕಿಲ್ಲ. ಲಾಸಿಯ ಜೊತೆಗೇ ನಡೆದ ಅಧ್ಯಯನದ ಅಂದಾಜಿನ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅಷ್ಟು ಮನೆಗಳಲ್ಲಿ ಎಷ್ಟು ಬಳೆಗಳು ಕಾಣೆಯಾಗಿರಬಹುದು ಲೆಕ್ಕ ಹಾಕಿ.

ಖಿನ್ನತೆಯೂ ಮರೆವಿನ ವೇಷ ಹಾಕಿಕೊಂಡು ಬರುತ್ತದೆ ಎನ್ನುವುದನ್ನು ಇಲ್ಲಿ ಸೇರಿಸಬೇಕು. ವ್ಯತ್ಯಾಸ ಹೀಗೆ: ಖಿನ್ನತೆಯಲ್ಲಿರುವವರು ಏನು ಕೇಳಿದರೂ "ಗೊತ್ತಿಲ್ಲ, ನನ್ನ ತಲೆ ಓಡ್ತಿಲ್ಲ" ಎಂದು ತಾವೇ ದೂರುತ್ತಾರೆ. ಡಿಮೆನ್ಷಿಯಾದವರಿಗೆ ತಮಗೆ ಮರೆವು ಇದೆ ಎನ್ನುವುದೇ ಎಷ್ಟೋ ಸಲ ಅರಿವಿರುವುದಿಲ್ಲ, ಏನೋ ಒಂದು ಉತ್ತರ ಹೊಂದಿಸಿ ಹೇಳುತ್ತಾರೆ. ಇದು ಕಣ್ಣಂದಾಜು ಅಷ್ಟೇ, ಎರಡೂ ಒಟ್ಟಿಗೆ ಇರಬಹುದು. ಮೊದಲನೆಯದಾದರೆ ಔಷಧಿ, ಆಪ್ತಸಮಾಲೋಚನೆಯಿಂದ ಚೆನ್ನಾಗಿ ಗುಣ ಕಾಣುತ್ತದೆ. "ವಯಸ್ಸಾಯ್ತು ಬಿಡಿ" ಎಂದು ಮನೆಯಲ್ಲಿ ಕೂರಿಸಿದರೆ ಗುಣವಾಗಬಹುದಾದವರು ಗುಣವಾಗದೆ ಉಳಿಯುತ್ತಾರೆ. ನನಗೆ ನಿಜವಾಗಿ ಸಿಟ್ಟು ಬರುವುದು ಅಲ್ಲಿ.

ಕಿವಿಯನ್ನೂ ನೋಡಿಸಿ. ಕೇಳಿಸದೆ ಮಾತಿನಿಂದ ಹಿಂದೆ ಸರಿದವರನ್ನು ಮಂಕಾದರು ಎಂದುಕೊಳ್ಳುತ್ತೇವೆ. ಡಿಮೆನ್ಷಿಯಾ ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ನಮ್ಮ ಕೈಯಲ್ಲಿ ತಡೆಯಬಹುದಾದ 14 ಅಪಾಯಗಳಲ್ಲಿ ಕಿವುಡುತನ, ಖಿನ್ನತೆ, ಒಂಟಿತನ ಮೂರೂ ಇವೆ.

ನ್ಯೂಜೆರ್ಸಿ ಮಗ
ಅಪ್ಪ ಅಮ್ಮ ಇಬ್ಬರೇ ರಾಜಾಜಿನಗರದಲ್ಲಿದ್ದಾರೆ. ಪ್ರತಿ ಭಾನುವಾರ ವಿಡಿಯೋ ಕಾಲ್. "ಹೇಗಿದೀರಪ್ಪ" ಅಂದ್ರೆ "ಚೆನ್ನಾಗಿದೀವಪ್ಪ, ನೀವು ಹುಷಾರು, ಅಲ್ಲಿ ಚಳಿ" ಅಂತಾರೆ. ಅಲ್ಲಿಗೆ ಮುಗೀತು. ಹಾಲ್‌ನಲ್ಲಿ ಕ್ಯಾಮೆರಾ ಹಾಕಿಸಿದೆ. ಮುಂದಿನ ವಾರ ನೋಡ್ತೀನಿ, ಅಪ್ಪ ಅದನ್ನ ಗೋಡೆ ಕಡೆ ತಿರುಗಿಸಿಟ್ಟಿದಾರೆ. ಇಲ್ಲಿಂದ ನಾನು ಏನು ಗಮನಿಸಬಹುದು?

ಕಡ್ಲೆಪುರಿ
ಅಪ್ಪ ಸರಿಯಾಗೇ ಇದಾರೆ ಅನ್ನೋಕೆ ಆ ಗೋಡೆಗಿಂತ ಸಾಕ್ಷಿ ಬೇಕಾ ಸಾರ್.

ಸಮಾಜ ಕಾರ್ಯ, ವಿಲ್ಸನ್ ಗಾರ್ಡನ್
"ಹೇಗಿದೀರಿ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಮೊದಲೇ ರೆಡಿ ಇರುತ್ತೆ. ಬೆಳಗ್ಗೆ ತಿಂಡಿ ಏನು, ವಾಕಿಂಗ್‌ನಲ್ಲಿ ಯಾರು ಸಿಕ್ರು, ಪೇಪರ್‌ನಲ್ಲಿ ಏನಿತ್ತು ಅಂತ ಕೇಳಿ. ಮೂರು ವಾರ "ಬ್ರೆಡ್ಡು, ಯಾರೂ ಇಲ್ಲ, ಏನೂ ಇಲ್ಲ" ಬಂದ್ರೆ ಅದೇ ಉತ್ತರ. ಅಮ್ಮನ ಜೊತೆ ಬೇರೆಯಾಗಿ ಮಾತಾಡಿ, ಅಪ್ಪನ ಜೊತೆ ಬೇರೆ. ಒಬ್ಬರ ಎದುರು ಇನ್ನೊಬ್ಬರು ಬಾಯಿ ಬಿಡಲ್ಲ. ಭಾನುವಾರದ ಒಂದು ಗಂಟೆಗಿಂತ ವಾರದ ಮಧ್ಯೆ ನಾಲ್ಕು ಸಲ ಐದೈದು ನಿಮಿಷ ಒಳ್ಳೇದು. ಮೆಡಿಕಲ್ ಶಾಪಿನವರ ನಂಬರು, ಎದುರು ಮನೆ ನಂಬರು ಇಟ್ಕೊಳ್ಳಿ. ಅಪ್ಪನಿಂದ ಏನಾದ್ರೂ ಸಲಹೆ ಕೇಳಿ, ನಿಜವಾಗ್ಲೂ ಬೇಕಾಗಿರೋ ಸಲಹೆ. ಬರೀ ಹುಷಾರು ಕೇಳಿಸಿಕೊಂಡು ಕೇಳಿಸಿಕೊಂಡು ಅವರಿಗೂ ಸಾಕಾಗಿರುತ್ತೆ.

ಧಾರವಾಡ ಪೇಡೆ
ನಮ್ಮ ಅವ್ವನ್ನ ಧಾರವಾಡದಿಂದ ಇಲ್ಲೆ ವೈಟ್‌ಫೀಲ್ಡಿಗೆ ಕರಕೊಂಡು ಬಂದೀವ್ರಿ. ಹದಿನಾಲ್ಕನೇ ಮಹಡಿ. ಊರಾಗ ಮುಂಜಾನೆ ಅಂಗಳ ಸಾರಿಸಿ ರಂಗೋಲಿ ಹಾಕೂದ್ರಾಗ ನಾಕು ಮಂದಿ ಮಾತಾಡಿಸ್ತಿದ್ರು. ಇಲ್ಲೆ ಬಾಗಲಾ ತಗದ್ರ ಎದುರಿಗೆ ಇನ್ನೊಂದು ಮುಚ್ಚಿದ ಬಾಗಲಾ. ಲಿಫ್ಟಿನ್ಯಾಗ ಸಿಕ್ಕವರು ಹಿಂದ್ಯಾಗ ಮಾತಾಡಿಸ್ತಾರ, ಅವ್ವ ನಕ್ಕೋತ ನಿಂದರ್ತಾಳ. ಮಕ್ಕಳಿಗೆ ಅಕಿ ಭಾಷಾ ಅರ್ಧ ತಿಳಿಯೂದಿಲ್ಲ. ಬಂದ ಹೊಸದಾಗ ದಿನಾ ಒಂದೇ ಮಾತು, "ನನ್ನ ಊರಿಗೆ ಬಿಟ್ಟು ಬಾ." ಆಮ್ಯಾಲೆ ಅದನ್ನೂ ಅನ್ನೂದು ಬಿಟ್ಟಳು. ಡಾಕ್ಟರ್ ಸಾಹೇಬ್ರು ಮ್ಯಾಲೆ ಬರದಾರಲ್ಲ, ತಣ್ಣಗಾಗೂದು ಅಂತ, ಅದ ನೋಡ್ರಿ.

ಔಷಧಿನೂ ಕೊಡಿಸೀವಿ, ಸುಳ್ಳು ಹೇಳಂಗಿಲ್ಲ. ಆದ್ರ ಅಕಿನ್ನ ಎಬ್ಬಿಸಿದ್ದು ಬಸ್ಸು. ಕೆಳಗಿನ ಮಹಡ್ಯಾಗ ಗದಗಿನ ಅಜ್ಜಿ ಒಬ್ಬಾಕಿ ಸಿಕ್ಕಳು. 2023ರ ಜೂನ್‌ದಾಗ ಶಕ್ತಿ ಯೋಜನೆ ಬಂತಲ್ರಿ, ಆಧಾರ್ ತೋರಿಸಿ ಇಬ್ಬರೂ ಕೂಡಿ ಒಂದು ದಿನ ಬನಶಂಕರಿ ಗುಡಿ, ಒಂದು ದಿನ ಬಸವನಗುಡಿ. ಗುಡಿ ನೆವಾ, ಬಸ್ಸಿನ್ಯಾಗ ಮಾತಾಡೂದ ಮುಖ್ಯ. ಸಂಜಿಗೆ ಬಂದು ಕಾಲು ನೋವು ಅಂತಾಳ, ಆದ್ರ ಉಣ್ಣತಾಳ.

ಹಳೇ ಮೈಸೂರು
ಆ ಯೋಜನೆಯಿಂದ ಖಜಾನೆ ಖಾಲಿ ಆಗಿದ್ದನ್ನೂ ಹೇಳಿ ಸ್ವಾಮಿ.

ಸಂಘದ ಕಾರ್ಯದರ್ಶಿ, ಪದ್ಮನಾಭನಗರ
ರಾಜಕೀಯ ಬೇಡ, ಇನ್ನೊಂದು ಎಳೆ ಶುರು ಮಾಡಿ ಅಲ್ಲಿ ಹೊಡೆದಾಡೋಣ. ಪೇಡೆ ಅವರೇ, ಹೊರ ಊರಿಂದ ಬಂದು ಸೇರಿದ ಅಪ್ಪ-ಅಮ್ಮಂದಿರ ವಿಷಯ ನಮ್ಮ ತಲೆಗೇ ಹೊಳೆದಿರಲಿಲ್ಲ. ನಮ್ಮ ಸಂಘದ ಸದಸ್ಯರೆಲ್ಲ ಇಲ್ಲೇ ಸೈಟು ತಗೊಂಡು ಮನೆ ಕಟ್ಟಿದವರು. ಮಕ್ಕಳ ಮನೆಗೆ ಬಂದಿರೋರು ಸದಸ್ಯರೇ ಅಲ್ಲ.

ಮೆಡಿಕಲ್ ಸ್ಟೋರ್, ನಾಗರಬಾವಿ
ನಮ್ಮ ಕೌಂಟರಿಗೆ ಬರೋ ವಿಷಯ ಹೇಳ್ತೀನಿ. ಹಳದಿ ಬಣ್ಣಕ್ಕೆ ತಿರುಗಿದ ಒಂದು ಚೀಟಿ, ಯಾವತ್ತೋ ಯಾರೋ ಡಾಕ್ಟರು ಹದಿನೈದು ದಿನಕ್ಕೆ ಬರೆದ ಅಲ್ಪ್ರಾಜೊಲಾಮ್ ಅನ್ನೋ ನಿದ್ದೆ ಮಾತ್ರೆ. ಅಜ್ಜ ಅದನ್ನೇ ತೋರಿಸಿ ಇವತ್ತಿಗೂ ಕೇಳ್ತಾರೆ. ಇಲ್ಲ ಅಂದ್ರೆ ಜಗಳ, "ಬೇರೆ ಅಂಗಡಿಯವನು ಕೊಡ್ತಾನೆ" ಅಂತ. ಅದು ಎಚ್1 ಪಟ್ಟಿಯ ಔಷಧ. ಡಾಕ್ಟರ ಹೆಸರು, ರೋಗಿ ಹೆಸರು, ಎಷ್ಟು ಕೊಟ್ವಿ, ಎಲ್ಲ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಎಷ್ಟು ಅಂಗಡಿಯವರು ಇಡ್ತಾರೆ ಅಂತ ಕೇಳಬೇಡಿ. ನಿದ್ದೆ ಮಾತ್ರೆ ಕೇಳಿಕೊಂಡು ಬರೋರೆಲ್ಲ ನಿಮ್ಮ ಕಾರ್ಯಕ್ರಮಕ್ಕೆ ಬರಬೇಕಾದವರೇ. ಕರಪತ್ರ ನಮ್ಮ ಕೌಂಟರ್‌ನಲ್ಲಿಡಿ, ಪಾರ್ಕ್‌ನಲ್ಲಿ ಬೇಡ.

ಹನುಮಂತನಗರದ ಡಾಕ್ಟರ್
ಇವರಿಗೆ ನನ್ನ ನಮಸ್ಕಾರ. ಓದುವವರಿಗೆ ಒಂದು ಮಾತು: ಇದನ್ನು ಓದಿದ ರಾತ್ರಿಯೇ ಅಪ್ಪನ ಮಾತ್ರೆ ಕಿತ್ತುಕೊಳ್ಳಬೇಡಿ. ವರ್ಷಗಟ್ಟಲೆ ತಗೊಂಡದ್ದನ್ನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ಕೈಯಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಆದರೆ ಇಳಿಸಲೇಬೇಕು. ರಾತ್ರಿ ಬಚ್ಚಲಿಗೆ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಂಡವರ ಡಬ್ಬಿಯಲ್ಲಿ ಈ ಮಾತ್ರೆ ಎಷ್ಟು ಸಲ ಸಿಕ್ಕಿದೆಯೋ.

ಖಿನ್ನತೆಗೆ ಕೊಡುವ ಮಾತ್ರೆ ಬೇರೆ ಜಾತಿ. ಇವತ್ತು ನುಂಗಿದರೆ ಇವತ್ತೇ ಏನೂ ಆಗುವುದಿಲ್ಲ, ಎರಡರಿಂದ ಆರು ವಾರ ಬೇಕು. ವಯಸ್ಸಾದವರಿಗೆ ಕಡಿಮೆ ಪ್ರಮಾಣದಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತೇವೆ. ಕೆಲವರಲ್ಲಿ ಸೋಡಿಯಂ ಇಳಿಯುವುದರಿಂದ ಮಧ್ಯೆ ರಕ್ತ ಪರೀಕ್ಷೆ ಹೇಳುತ್ತೇವೆ, "ಕಮಿಷನ್‌ಗೆ ಬರೆದರು" ಎಂದುಕೊಳ್ಳಬೇಡಿ. ಮೊದಲ ವಾರದಲ್ಲಿ ಗುಣ ಕಾಣದೆ ಬಿಟ್ಟುಬಿಡುವವರೇ ಹೆಚ್ಚು.

ರಾತ್ರಿ ಪಾಳಿ
ನಾನು ಹೋಮ್ ನರ್ಸ್. ಏಜೆನ್ಸಿ ಕಡೆಯಿಂದ ಮನೆಗಳಿಗೆ ರಾತ್ರಿ ಡ್ಯೂಟಿಗೆ ಹೋಗ್ತೀನಿ. ಏಜೆನ್ಸಿ ಹೆಸರು ಬೇಡ.

ಹಗಲಲ್ಲಿ ಮಕ್ಕಳ ಹತ್ತಿರ ಹೇಳದೇ ಇರೋದನ್ನ ರಾತ್ರಿ ಎರಡು ಗಂಟೆಗೆ ನಮ್ಮ ಹತ್ತಿರ ಹೇಳ್ತಾರೆ. "ನಾನು ಎಲ್ಲರಿಗೂ ಭಾರ ಆದೆ. ದೇವರು ಕರ್ಕೊಂಡು ಹೋಗ್ತಿಲ್ಲ." ಇದು ದಿನಾ ಕೇಳೋ ಮಾತು, ಕೇಳಿ ಕೇಳಿ ನಮಗೂ ಅಭ್ಯಾಸ ಆಗೋಗಿದೆ. ಆದ್ರೆ ಕೆಲವು ಸಲ ಮಾತು ಬೇರೆ ತರ ಇರುತ್ತೆ. ಒಬ್ಬರು ವಾಚು, ಪೆನ್ನು ಎಲ್ಲ ತೆಗೆದು ಇದು ಇವನಿಗೆ ಇದು ಅವನಿಗೆ ಅಂತ ಕಟ್ಟಿಡ್ತಿದ್ರು. ಮಾತ್ರೆ ನುಂಗಿದ ಹಾಗೆ ಮಾಡಿ ದಿಂಬಿನ ಕೆಳಗೆ ಇಡ್ತಿದ್ರು. ನಮಗೆ ಬಿಪಿ ನೋಡೋದು, ಡೈಪರ್ ಬದಲಾಯಿಸೋದು, ಮಗ್ಗುಲು ಹೊರಳಿಸೋದು ಕಲಿಸಿದಾರೆ. ಇದಕ್ಕೆ ಏನು ಮಾಡ್ಬೇಕು ಅಂತ ಯಾರೂ ಹೇಳಿಲ್ಲ. ಮನೆಯವರಿಗೆ ಹೇಳಿದ್ರೆ "ನಿನಗ್ಯಾಕೆ" ಅಂತಾರೆ ಅನ್ನೋ ಭಯ. ಅವತ್ತು ನಾನು ಹೇಳಿದೆ, ಅವರು ಕೇಳಿದ್ರು. ಎಲ್ಲ ಮನೆಯವರೂ ಹಾಗಿರಲ್ಲ.

ಸಮಾಜ ಕಾರ್ಯ, ವಿಲ್ಸನ್ ಗಾರ್ಡನ್
ತಂಗಿ, ನೀವು ಹೇಳಿದ್ದು ಸರಿಯಾದ ಕೆಲಸ. ಇದನ್ನ ಎಲ್ಲರೂ ಓದಲಿ ಅಂತ ಬಿಡಿಸಿ ಬರೀತೀನಿ.

"ದೇವರು ಕರ್ಕೊಳ್ಳಲಿ" ಅನ್ನೋದು ನಮ್ಮಲ್ಲಿ ವಯಸ್ಸಾದವರ ವಾಡಿಕೆ ಮಾತು. ಅದನ್ನ ಕೇಳಿ ಗಾಬರಿ ಬೇಡ, ಕಿವಿ ಮೇಲೆ ಹಾಕ್ಕೊಳ್ಳದೆ ಬಿಡೋದೂ ಬೇಡ. ವಸ್ತು ಹಂಚೋದು, ಮಾತ್ರೆ ಕೂಡಿಡೋದು, ಊಟ-ಔಷಧ ಬೇಕಂತಲೇ ಬಿಡೋದು, ಬೀಳ್ಕೊಡೋ ತರ ಮಾತಾಡೋದು, ಇವು ಬೇರೆ. ಅಲ್ಲಿ ನೇರವಾಗಿ ಕೇಳಬಹುದು: "ಅಜ್ಜ, ಸಾಯಬೇಕು ಅಂತ ಯೋಚನೆ ಬರ್ತಿದ್ಯಾ?" ಕೇಳಿದ್ರೆ ಇಲ್ಲದ ಯೋಚನೆ ಹುಟ್ಟಲ್ಲ. ಎಷ್ಟೋ ಜನ ಯಾರೋ ಕೇಳಿದ್ರಲ್ಲ ಅಂತ ಹಗುರ ಆಗ್ತಾರೆ. ಮಾತ್ರೆ ಡಬ್ಬಿ ಬೇರೆಯವರ ಕೈಯಲ್ಲಿರಲಿ. ಒಬ್ಬರನ್ನೇ ಬಿಡಬೇಡಿ. ವಯಸ್ಸಾದವರಲ್ಲಿ ಇದನ್ನ ಹಗುರವಾಗಿ ತಗೊಳ್ಳೋ ಹಾಗಿಲ್ಲ, ಅವರು ಮುನ್ಸೂಚನೆ ಕೊಡೋದೇ ಕಡಿಮೆ.

14416 ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ, ನಿಮ್ಹಾನ್ಸ್ ಮೇಲುಸ್ತುವಾರಿ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು, ಉಚಿತ. ರಾತ್ರಿ ಎರಡಕ್ಕೂ. ಕಾಯಿಲೆ ಇರೋರೇ ಮಾಡಬೇಕಂತಿಲ್ಲ, ನೋಡ್ಕೊಳ್ಳೋರೂ ಮಾಡಬಹುದು. ತಕ್ಷಣದ ಅಪಾಯ ಇದ್ರೆ 112. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಮುಚ್ಚಿಡೋರಿದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಪ್ರಾಣ ಕಳ್ಕೊಳ್ಳೋಕೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ರು ಅಂತಲೇ ಭಾವಿಸಿ, ಶಿಕ್ಷೆ ಬೇಡ, ಆರೈಕೆ ಕೊಡಿ ಅನ್ನುತ್ತೆ.

ಬ್ಯಾಂಕ್ ರಿಟೈರ್ಡ್
ಅದೇ ಕಾಯ್ದೆಯ 21ನೇ ಕಲಂ ಕೂಡ ನೋಡಿ. ಮೈಯ ಕಾಯಿಲೆಗೆ ಇರುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದಿದೆ. ಪಾಲಿಸಿಯ ಸಣ್ಣ ಅಕ್ಷರ ಓದಿ, ಹೊರರೋಗಿ ಖರ್ಚು ಸೇರಿದೆಯೇ ಕೇಳಿ. ಮಕ್ಕಳೇ ಹಿಂಸೆ ಕೊಡ್ತಿದ್ದರೆ, ಆಸ್ತಿ ಬರೆಸಿಕೊಂಡು ಹೊರಗೆ ಹಾಕಿದ್ದರೆ 14567 ಹಿರಿಯರ ರಾಷ್ಟ್ರೀಯ ಸಹಾಯವಾಣಿ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರು ಸೇರಿ ನಡೆಸಿದ ಸಹಾಯವಾಣಿ 1090, ಹಿರಿಯರಿಗೆ ಮೊದಲಿಂದ ಗೊತ್ತಿರುವ ನಂಬರು. ಡಿಮೆನ್ಷಿಯಾ ಆರೈಕೆಯಲ್ಲೂ ಆ ಟ್ರಸ್ಟ್ ಹಳೆಯದು, ವಿಜಯನಗರದವರು ವಿಚಾರಿಸಿ.

ಸಂಘದ ಕಾರ್ಯದರ್ಶಿ, ಪದ್ಮನಾಭನಗರ
ಇಷ್ಟೆಲ್ಲ ಓದಿ ಸಮಿತಿಯಲ್ಲಿ ಕೂತು ಒಂದು ಕರಡು ಮಾಡಿದೀವಿ. ಬ್ಯಾನರ್‌ನಲ್ಲಿ "ನಿದ್ದೆ, ಮರೆವು, ನಿಶ್ಶಕ್ತಿ: ಉಚಿತ ತಪಾಸಣೆ". ಬಿಪಿ, ಶುಗರ್, ಕಿವಿ. ಅದೇ ಸಾಲಿನಲ್ಲಿ ಕೊನೆಯ ಮೇಜಿನಲ್ಲಿ ಹಿರಿಯರ ಖಿನ್ನತೆ ಅಳೆಯೋ ಹೌದು-ಇಲ್ಲ ಉತ್ತರದ 15 ಪ್ರಶ್ನೆಗಳು. ನಮ್ಮ ಸ್ವಯಂಸೇವಕರು ಕೇಳಿ ಅಂಕ ಹಾಕ್ತಾರೆ. ಹೇಗಿದೆ?

ನಿವೃತ್ತ ಮೇಷ್ಟ್ರು
ಮತ್ತೆ ಅಂಕ! ಆ ಹಾಳೆ ಯಾರ ಹತ್ತಿರ ಇರುತ್ತದೆ? ನಮ್ಮ ಸಂಘದ ಕಪಾಟಿನಲ್ಲಿ, ಲೆಕ್ಕಪತ್ರದ ಪಕ್ಕ? ಮರುದಿನ ವಾಕಿಂಗಿನಲ್ಲಿ "ಅವರಿಗೆ ಹನ್ನೊಂದಂತೆ" ಎಂದು ಮಾತಾಗುತ್ತದೆ. ಸ್ವಯಂಸೇವಕರು ಎಂದರೆ ನಮ್ಮ ಬೀದಿಯವರೇ ತಾನೇ? ನಾನು ಆ ಮೇಜಿಗೆ ಹೋಗುವುದಿಲ್ಲ.

ಹನುಮಂತನಗರದ ಡಾಕ್ಟರ್
ಮೇಷ್ಟ್ರ ಆಕ್ಷೇಪ ನೂರಕ್ಕೆ ನೂರು ಸರಿ. ನನ್ನದು ಇನ್ನೊಂದು. ಅಂಕ ಹೆಚ್ಚು ಬಂದವರನ್ನು ಅವತ್ತೇ ಕೂರಿಸಿ ಮಾತಾಡುವವರು, ಮುಂದಿನ ವಾರ ನೋಡುವವರು ಇಲ್ಲದಿದ್ದರೆ ಆ ಪ್ರಶ್ನೆಗಳನ್ನು ಕೇಳಲೇಬೇಡಿ. "ಬದುಕು ಖಾಲಿ ಅನ್ನಿಸುತ್ತಿದೆಯೇ" ಎಂದು ಕೇಳಿ, "ಹೌದು" ಎಂದವರಿಗೆ ಕಾಫಿ ಕೊಟ್ಟು ಕಳಿಸುವುದು ತಪ್ಪು. ಮೇಜು ತೆಗೆಯಿರಿ. ಅದರ ಬದಲು ಒಂದು ಕೋಣೆ, ಬಾಗಿಲು ಹಾಕುವಂಥದ್ದು, ಒಳಗೆ ತರಬೇತಿ ಇರುವ ಒಬ್ಬರು. ಬಿಪಿ ನೋಡುವವರೇ "ನಿದ್ದೆ ವಿಷಯ ಒಳಗೆ ಮಾತಾಡಿ" ಎಂದು ಕಳಿಸಲಿ. ಹಾಳೆ ಬೇಡ. ಬೇಕಾದವರಿಗೆ ಚೀಟಿ ಬರೆದು ಅವರ ಕೈಗೇ ಕೊಡೋಣ, ಮಗನ ಕೈಗಲ್ಲ. ಮುಂದಿನ ಚಿಕಿತ್ಸೆಗೆ ನಿಮ್ಹಾನ್ಸ್ ಇದೆ, ವಿಕ್ಟೋರಿಯಾ, ಬೌರಿಂಗ್‌ನಲ್ಲಿ ಮನೋರೋಗ ವಿಭಾಗ ಇದೆ. ಆ ಭಾನುವಾರ ನಾನು ಬರುತ್ತೇನೆ.

ಸಮಾಜ ಕಾರ್ಯ, ವಿಲ್ಸನ್ ಗಾರ್ಡನ್
ಆ ಕೋಣೆಯಲ್ಲಿ ನಾನು ಕೂರ್ತೀನಿ, ಜೊತೆಗೆ ಇನ್ನೊಬ್ಬರನ್ನ ಕರ್ಕೊಂಡು ಬರ್ತೀನಿ. ಸೊಸೆಯಂದಿರಿಗೆ, ಮನೆಕೆಲಸದವರಿಗೆ, ವಾಚ್‌ಮನ್‌ಗಳಿಗೆ, ಹೋಮ್ ನರ್ಸ್‌ಗಳಿಗೆ ಬೇರೆ ಹೊತ್ತು ಇಡಿ. ಅವರೆಲ್ಲ ಭಾನುವಾರ ಬೆಳಗ್ಗೆ ಬರೋಕಾಗಲ್ಲ. ಮಧ್ಯಾಹ್ನ ಮೂರಕ್ಕೆ ಆದ್ರೆ ಬರ್ತಾರೆ.

ರಾತ್ರಿ ಪಾಳಿ
ಮೂರು ಗಂಟೆ ಆದ್ರೆ ನಾನೂ ಬರ್ತೀನಿ, ನಮ್ಮ ಕಡೆ ಹುಡುಗಿಯರಿಗೂ ಹೇಳ್ತೀನಿ. ಸಂಬಳ ಕಟ್ ಆಗದಿದ್ರೆ.

ಮೆಡಿಕಲ್ ಸ್ಟೋರ್, ನಾಗರಬಾವಿ
ಪದ್ಮನಾಭನಗರದ ಅಂಗಡಿಯವರಲ್ಲಿ ಪರಿಚಯದವರಿದಾರೆ, ಕರಪತ್ರ ನಾನು ತಲುಪಿಸ್ತೀನಿ. ಅಕ್ಷರ ದೊಡ್ಡದಿರಲಿ.

ನಿವೃತ್ತ ಮೇಷ್ಟ್ರು
ಬೆಳಗಿನ ಕಾರ್ಯಕ್ರಮ ಹತ್ತೂವರೆಗೆ ಇರಲಿ, ಒಂಬತ್ತಕ್ಕೆ ಬೇಡ. ಔಷಧ, ತಿಂಡಿ, ಸ್ನಾನ ಎಲ್ಲ ಆಗಬೇಕು. ಮೈಕಿನ ಸದ್ದು ಕಡಿಮೆ, ಕುರ್ಚಿಗೆ ಕೈ ಇರಬೇಕು, ಹಾರ-ಶಾಲು ಬೇಡ. ಶೌಚಾಲಯ ನೆಲಮಾಳಿಗೆಯಲ್ಲೂ ಬೇಡ, ಮೇಲ್ಮಹಡಿಯಲ್ಲೂ ಬೇಡ.

ಸಂಘದ ಕಾರ್ಯದರ್ಶಿ, ಪದ್ಮನಾಭನಗರ
ಹತ್ತೂವರೆ, ಮತ್ತು ಮೂರು ಗಂಟೆ. ಸಭಾಂಗಣದ ಶೌಚಾಲಯ ಮೆಟ್ಟಿಲು ಹತ್ತಿ ಹೋಗಬೇಕು ಸಾರ್, ಅದಕ್ಕೇ ಎದುರಿನ ಶಾಲೆಯವರನ್ನ ಕೇಳಿದೀನಿ, ಅಲ್ಲಿ ಕೆಳಗೇ ಇದೆ, ಬಾಗಿಲು ಹಾಕೋ ಕೋಣೆಗಳೂ ಇವೆ. ಗುರುವಾರ ಹೇಳ್ತಾರಂತೆ. ಪಾರ್ಕಿನ ಬೀಗದ ಬಗ್ಗೆ ಪಾಲಿಕೆಗೆ ಅರ್ಜಿ ಬರೆಯೋದು ನಿಮಗೇ ಬಿಟ್ಟಿದ್ದೀನಿ ಮೇಷ್ಟ್ರೇ, ನಿಮ್ಮಷ್ಟು ಖಾರವಾಗಿ ನಮಗೆ ಬರೆಯೋಕೆ ಬರಲ್ಲ.

ನಿವೃತ್ತ ಮೇಷ್ಟ್ರು
ಕರಡು ಸಿದ್ಧವಾಗಿದೆ. ಫುಟ್‌ಪಾತಿನ ಟ್ರಾನ್ಸ್‌ಫಾರ್ಮರನ್ನೂ ಸೇರಿಸಿದ್ದೇನೆ, ಅದು ಬೆಸ್ಕಾಂಗೆ ಬೇರೆ ಅರ್ಜಿ. ಸಹಿ ಮಾಡುವವರು ನಾಳೆ ಬೆಳಗ್ಗೆ ಏಳಕ್ಕೆ ಪಾರ್ಕಿನ ಗೇಟಿನ ಹತ್ತಿರ ಬನ್ನಿ. ಪೆನ್ನು ನೀವೇ ತನ್ನಿ.